ಬಾಯಮ್ಮನ ಅಟ್ಟದ ಮುಡಿ

ಮೊನ್ನೆ ತೊಕ್ಕೊಟ್ಟಿನ ಅಂಗಡಿಯೊಂದರಲ್ಲಿ ಚಂದಕ್ಕೆ ಇಡುವ, ಬೈಹುಲ್ಲು ಸುತ್ತಿ ಹಗ್ಗ ಬಿಗಿದ ಪುಟ್ಟ ಅಕ್ಕಿಮುಡಿ ಕಂಡಿತು. ಎತ್ತಿ ಮೂಸಿದೆ. ಬೈಹುಲ್ಲಿನ ವಾಸನೆ ಇತ್ತು, ಹೊಗೆಯ ವಾಸನೆ ಇರಲಿಲ್ಲ. ಅಷ್ಟಕ್ಕೇ ಬಾಯಮ್ಮನ ಅಟ್ಟ ಕಣ್ಣೆದುರು ಬಂತು...

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಬಂದಾಗ ನಮ್ಮ ಬಿಜೈ ಊರಿನ ತುಂಬ ಗದ್ದೆ. ಪಕ್ಕದ ಮನೆಯ ಕೊಂಕಣಿ ವಿಧವೆಯನ್ನು ಎಲ್ಲರೂ ಬಾಯಮ್ಮ ಎನ್ನುತ್ತಿದ್ದೆವು. ಅವರ ಅಡುಗೆಮನೆಯ ಅಟ್ಟಕ್ಕೆ ಒಳ್ಳೆ ಹೊಗೆ ಏರುತ್ತಿತ್ತು, ಹುಳ ಹಿಡಿಯುತ್ತಿರಲಿಲ್ಲ. ಹಾಗಾಗಿ ನಾಲ್ಕು ಮನೆಯ ಬಿತ್ತನೆ ಭತ್ತ ಬೈಹುಲ್ಲಿನ ಮುಡಿ ಕಟ್ಟಿಸಿಕೊಂಡು ಮಳೆಗಾಲದವರೆಗೆ ಅಲ್ಲೇ ಕೂರುತ್ತಿತ್ತು. ಬಿಚ್ಚಿ ನೋಡುವ ಕ್ರಮವೇ ಇರಲಿಲ್ಲ. ಕೊಟ್ಟದ್ದನ್ನು ಹೊತ್ತು ತರುವುದು, ಅಷ್ಟೆ.

ಒಂದು ವರ್ಷ ಮುಡಿ ತರಲು ಮಾವನ ಜೊತೆ ನಾನೂ ಹೋದೆ. ನನ್ನ ಹಾಳು ಕಣ್ಣು ಹಗ್ಗದ ಮೇಲೆಯೇ ಬೀಳಬೇಕೇ? ಮಾವ ಕಟ್ಟುವ ಗಂಟು ಅದಲ್ಲ. ಆಗ ನನ್ನ ಬಾಯಿಗೆ ಲಂಗುಲಗಾಮು ಇರಲಿಲ್ಲ. "ಇದನ್ನು ಯಾರೋ ಬಿಚ್ಚಿದ್ದಾರೆ" ಎಂದುಬಿಟ್ಟೆ, ಮುಡಿಗೆಂದು ಬಂದಿದ್ದ ಎಲ್ಲ ಮನೆಯವರ ಎದುರಲ್ಲೇ.

"ಬಿಚ್ಚಿ ನೋಡಿ" ಎಂದರು ಬಾಯಮ್ಮ.

ಮಾವ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿದವರು ಹಾಗೇ ನಿಂತರು. "ಇದು ನಮ್ಮ ಭತ್ತ ಅಲ್ಲ. ನಿಮ್ಮದಲ್ವಾ ಬಾಯಮ್ಮ?"

"ನಿಮ್ಮದನ್ನು ಇಲಿ ತಿಂದಿತು. ನನ್ನ ಅಟ್ಟದಲ್ಲಿ ತಿಂದದ್ದಲ್ವಾ, ನನ್ನದನ್ನು ತುಂಬಿಸಿದೆ."

"ಮತ್ತೆ ನಿಮಗೆ ಬಿತ್ತಲಿಕ್ಕೆ ಎಂತ ಉಂಟು?"

ನಾನು ತಲೆಯೆತ್ತಿ ನೋಡಿದೆ. ಅಟ್ಟದಲ್ಲಿ ಬಾಯಮ್ಮನದ್ದೆಂದು ಒಂದು ಮುಡಿಯೂ ಉಳಿದಿರಲಿಲ್ಲ. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು...

ಮಾವ ಅರ್ಧ ಭತ್ತ ಕೊಡಲು ಹೋದರು, ಬಾಯಮ್ಮ ಮುಟ್ಟಲಿಲ್ಲ. ಆ ಮಳೆಗಾಲ ಅವರ ಗದ್ದೆ ಬಿತ್ತನೆಯಿಲ್ಲದೆ ಹಡಿಲು ಬಿತ್ತು. ನಮ್ಮ ಗದ್ದೆಯಲ್ಲಿ ಭತ್ತದ ನೇಜಿ ನೆಡುವ ದಿನ ಮಾತ್ರ ಎಂದಿನಂತೆ ಬಂದು ನನ್ನ ಪಕ್ಕದಲ್ಲೇ ಬಗ್ಗಿದರು. "ಸಾಲು ಓರೆ ಆಯ್ತು ಮಾರಾಯ್ತಿ, ನೋಡಿ ನೆಡು" ಎಂದರು. ತಪ್ಪಾಯ್ತು ಎನ್ನಲು ಬಾಯಿ ತೆರೆದವಳು ಮತ್ತೆ ಬಗ್ಗಿ ಸಾಲು ಸರಿ ಮಾಡಿದೆ. ನಾಳೆ ಹೇಳೋಣ ಎಂದುಕೊಂಡೆ.

ಕೊಯ್ಲು ಮುಗಿದು ಆಚೆ ಮನೆಯವರು ಅಟ್ಟದಲ್ಲಿಡಲು ಮುಡಿ ಹೊತ್ತು ಹೋದಾಗ, "ಇನ್ನು ನನ್ನ ಹತ್ತಿರ ಬೇಡ" ಎಂದು ಬಾಯಮ್ಮ ವಾಪಸು ಕಳಿಸಿದರು. ಮತ್ತೆಂದೂ ಯಾರ ಬಿತ್ತನೆ ಭತ್ತವನ್ನೂ ಇಟ್ಟುಕೊಳ್ಳಲಿಲ್ಲ. ನಾಳೆ ನಾಳೆ ಎನ್ನುತ್ತ ವರ್ಷಗಳು ಹೋದವು, ಬಾಯಮ್ಮನೂ ಹೋದರು. ಗದ್ದೆಯಿದ್ದಲ್ಲಿ ಈಗ ಅಂಗಡಿಗಳ ಸಾಲು.

"ಒಳಗೆ ಅಕ್ಕಿಯೇ ಉಂಟು ಅಮ್ಮ, ಬೇಕಾದರೆ ಬಿಚ್ಚಿ ತೋರಿಸ್ತೇನೆ" ಎಂದ ತೊಕ್ಕೊಟ್ಟಿನ ಅಂಗಡಿಯವ, ಹಗ್ಗಕ್ಕೆ ಕೈ ಹಾಕುತ್ತ.

"ಬೇಡ ಮಾರಾಯ, ಬಿಚ್ಚಬೇಡ" ಎಂದೆ. ನನ್ನ ಸ್ವರ ಕೇಳಿ ಅವನು ಗಾಬರಿಯಿಂದ ಕೈ ತೆಗೆದ.