ದೊಮಿತಿಲಾಳ ಎರಡು ಬಾಣಗಳು

ನಮ್ಮ ದಾರಿಗೆ ಜನ ಕಡಿಮೆ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಅಲ್ಲಿಂದಲೇ ಶುರು ಮಾಡಬೇಕು. ಸಂತನ ಗೋರಿಯಿರುವ ಸ್ಯಾಂಟಿಯಾಗೊಗೆ ನಡೆದು ಹೋಗುವ ಯಾತ್ರಿಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಫ್ರಾನ್ಸ್ ಕಡೆಯಿಂದ ಬರುವ ದಾರಿ ಹಿಡಿಯುತ್ತಾರೆ. ಉಳಿದವರಲ್ಲಿ ಬಹುಪಾಲು ಪೋರ್ಚುಗಲ್ ದಾರಿ. ಸೆವಿಲ್ಲಿಂದ ಹೊರಟು ಸಮೊರಾದ ಬಯಲು ದಾಟಿ ಬರುವ ನಮ್ಮ ದಾರಿಗೆ ನೂರಕ್ಕೆ ಇಬ್ಬರೋ ಮೂವರೋ. ಫ್ರೆಂಚ್ ದಾರಿಯಲ್ಲಿ ರಾತ್ರಿಗೊಂದು ಮಂಚ ಸಿಗಲೆಂದು ಕೋಳಿ ಕೂಗುವ ಮೊದಲೇ ಎದ್ದು ಓಡುತ್ತಾರಂತೆ, ಬಚ್ಚಲ ಮುಂದೆ ಸಾಲು ನಿಲ್ಲುತ್ತಾರಂತೆ. ಜನ ಮರುಳೋ ಜಾತ್ರೆ ಮರುಳೋ!

ಬರುವ ಆ ನಾಲ್ಕು ಜನವೂ ಪೂರ್ತಿ ನಮಗೆ ದಕ್ಕುವುದಿಲ್ಲ. ನಮ್ಮ ಫೊಂತಾನಿಯ ಊರಿಗೆ ಇಪ್ಪತ್ತೊಂದು ಕಿಲೋಮೀಟರ್ ಮೊದಲು ದಾರಿ ಕವಲೊಡೆಯುತ್ತದೆ. ಎಡಕ್ಕೆ ಹೋದರೆ ನಮ್ಮೂರು, ಆಮೇಲೆ ಬೆಟ್ಟ, ಆಮೇಲೆ ಒರೆನ್ಸೆ. ನೇರ ಉತ್ತರಕ್ಕೆ ಹೋದರೆ ಅಸ್ತೋರ್ಗಾ. ಅಲ್ಲಿ ಫ್ರೆಂಚ್ ದಾರಿಯ ಸಂತೆಗೆ ಸೇರಿಕೊಳ್ಳಬಹುದು. ಆರುನೂರು ಕಿಲೋಮೀಟರಿಗೂ ಹೆಚ್ಚು ಒಬ್ಬಂಟಿಯಾಗಿ ನಡೆದು ಬಂದವರಿಗೆ ಮನುಷ್ಯರ ಮುಖ ನೋಡುವ ಆಸೆ ಹುಟ್ಟುತ್ತದೆ. ಮುಕ್ಕಾಲು ಪಾಲು ಉತ್ತರಕ್ಕೇ ತಿರುಗುತ್ತಾರೆ.

ಆ ಕವಲಿನಲ್ಲಿ ಒಂದು ಹಳೆಯ ನೀರಿನ ತೊಟ್ಟಿಯ ಗೋಡೆ ಇದೆ. ಗೋಡೆಯ ಮೇಲೆ ಯಾತ್ರಿಕರಿಗೆ ದಾರಿ ತೋರಿಸುವ ಎರಡು ಹಳದಿ ಬಾಣ, ಒಂದು ಎಡಕ್ಕೆ, ಒಂದು ಉತ್ತರಕ್ಕೆ. ಎರಡನ್ನೂ ಬಳಿಯುತ್ತಿದ್ದವಳು ದೊಮಿತಿಲಾ ಕಾರ್ಬಾಹೊ, ನನ್ನ ಪಕ್ಕದ ಮನೆಯವಳು. ನಾನು ಲಿಯೋನ್ಸಿಯೊ, ಹನ್ನೊಂದು ಹಳ್ಳಿಗೆ ವ್ಯಾನಿನಲ್ಲಿ ಬ್ರೆಡ್ಡು ಹಂಚುವವನು. ಅವಳ ಮಂಡಿ ಹೋದ ಮೇಲೆ ಅವಳನ್ನೂ ಬಣ್ಣದ ಡಬ್ಬಿಯನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನೂ ನಾನೇ.

ದೊಮಿತಿಲಾ ಶಾಲೆಯ ಕಸ ಗುಡಿಸುತ್ತಿದ್ದಳು. ಮಕ್ಕಳಿಲ್ಲದೆ ಶಾಲೆ ಮುಚ್ಚಿದಾಗ ಯಾತ್ರಿಕರ ಸಂಘದವರು ಅದರಲ್ಲಿ ಎಂಟು ಮಂಚ ಹಾಕಿ ತಂಗುದಾಣ ಮಾಡಿದರು, ಬೀಗದ ಕೈ ಅವಳಿಗೆ ಕೊಟ್ಟರು. ಸಂಬಳವಿಲ್ಲ. ಇಪ್ಪತ್ತಮೂರು ವರ್ಷ ಅವಳು ಸಂಜೆ ಐದಕ್ಕೆ ಒಲೆಯ ಮೇಲೆ ಬೆಳ್ಳುಳ್ಳಿ ಸೂಪಿಟ್ಟು ಬಾಗಿಲಲ್ಲಿ ಕೂತು ದಾರಿ ನೋಡಿದಳು. ಅರ್ಧಕ್ಕರ್ಧ ದಿನ ಯಾರೂ ಬರುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಆ ಸೂಪು ನಮ್ಮ ಮನೆಗೆ ಬರುತ್ತಿತ್ತು. ನನಗೆ ಈಗಲೂ ಬೆಳ್ಳುಳ್ಳಿ ಕಂಡರೆ ಆಗುವುದಿಲ್ಲ.

ಬಾಣದ ವಿಷಯದಲ್ಲಿ ಅವಳದೊಂದು ನೇಮವಿತ್ತು. ಕವಲಿನ ಎರಡು ಬಾಣವನ್ನೂ ಒಂದೇ ದಿನ, ಒಂದೇ ಡಬ್ಬಿಯ ಬಣ್ಣದಲ್ಲಿ, ಒಂದೇ ಅಳತೆಯಲ್ಲಿ ಬಳಿಯಬೇಕು. ಅಳತೆಗೆ ರಟ್ಟಿನ ಅಚ್ಚು ಇಟ್ಟುಕೊಂಡಿದ್ದಳು. ನಮ್ಮೂರ ಬಾಣವನ್ನು ಒಂದು ಗೇಣು ದೊಡ್ಡದು ಮಾಡಿದರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ಬಾರಿನಲ್ಲಿ ಕೂತವರೆಲ್ಲ ಅವಳನ್ನು ಕೆಣಕುತ್ತಿದ್ದರು. ಅವಳು ಉತ್ತರ ಕೊಡುತ್ತಿರಲಿಲ್ಲ. ಒಂದು ಸಲ ಮಾತ್ರ ನನ್ನ ಹತ್ತಿರ ಅಂದಳು: "ಸುಸ್ತಾಗಿ ಬಂದೋರು ಗೋಡೆ ನೋಡ್ತಾರೆ ಕಣೋ, ಯೋಚ್ನೆ ಮಾಡಲ್ಲ. ಅವ್ರ ಹತ್ರ ಆಟ ಆಡಬಾರ್ದು."

ಹೋದ ಜನವರಿಯಲ್ಲಿ ಸಂಘದಿಂದ ಕಾಗದ ಬಂತು. ವರ್ಷಕ್ಕೆ ಮುನ್ನೂರು ಜನ ಮಲಗದ ತಂಗುದಾಣಗಳನ್ನು ಮುಚ್ಚುತ್ತೇವೆ, ಅಕ್ಟೋಬರ್ ಕೊನೆಗೆ ದಾಖಲೆ ಪುಸ್ತಕ ನೋಡುತ್ತೇವೆ ಎಂದಿತ್ತು. ನಮ್ಮಲ್ಲಿ ಹಿಂದಿನ ವರ್ಷ ಮಲಗಿದವರು ನೂರ ತೊಂಬತ್ತಾರು. ದೊಮಿತಿಲಾ ಕಾಗದ ಓದಿ ಮಡಚಿಟ್ಟು ಹಾಸಿಗೆ ಬಟ್ಟೆ ಒಗೆಯಲು ಹೋದಳು. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಅರವತ್ತೆಂಟು ವರ್ಷದ ಹೆಂಗಸು, ಆ ಎಂಟು ಮಂಚ ಬಿಟ್ಟರೆ ಅವಳಿಗೆ ಹೇಳಿಕೊಳ್ಳಲು ಬೇರೇನಿತ್ತು?

ಏಪ್ರಿಲ್‌ನಲ್ಲಿ ಎಂದಿನಂತೆ ಎರಡು ಬಾಣವನ್ನೂ ಬಳಿದು ಬಂದಳು. ಮೇ ಕೊನೆಗೆ ಪುಸ್ತಕದಲ್ಲಿದ್ದವರು ತೊಂಬತ್ತೆರಡು ಜನ. ಜೂನ್ ಮೊದಲ ವಾರದ ಒಂದು ಬೆಳಿಗ್ಗೆ ನಾನು ಕವಲಿನಲ್ಲಿ ವ್ಯಾನು ನಿಲ್ಲಿಸಿದೆ. ಮನೆಯ ಒಲೆಯ ಬಿರುಕಿಗೆ ಮೆತ್ತಿ ಮಿಕ್ಕಿದ ಸಿಮೆಂಟು ವ್ಯಾನಿನ ಹಿಂಭಾಗದಲ್ಲಿತ್ತು. ಉತ್ತರದ ಬಾಣದ ಮೇಲೆ ಅದನ್ನು ಸವರಿದೆ. ಐದು ನಿಮಿಷದ ಕೆಲಸ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಜನ ಬಂದರು. ಒಂದೇ ದಿನ ಐವರು, ಇನ್ನೊಂದು ದಿನ ಎಂಟು ಮಂಚವೂ ಭರ್ತಿ. ಫೋನು ನೋಡಿಕೊಂಡು ನಡೆಯುವವರು ಉತ್ತರಕ್ಕೇ ಹೋದರು. ಬಾಣವನ್ನು ನಂಬಿದವರು ನಮ್ಮೂರಿಗೆ ಬಂದರು. ತಪ್ಪಿ ಬಂದೆವೆಂದು ಗೊತ್ತಾದವರೂ ಯಾವ ದಾರಿಯಾದರೇನು ಎಂದು ಸೂಪು ಕುಡಿದು ಮಲಗುತ್ತಿದ್ದರು. ಅವರ ಭಾಷೆ ದೊಮಿತಿಲಾಳಿಗೆ ತಿಳಿಯುತ್ತಿರಲಿಲ್ಲ. ಅವಳು ಹೊಸ ಏಪ್ರನ್ ಹೊಲಿಸಿಕೊಂಡಳು. ಬಾರಿನ ಮುಂದೆ ಹಾದುಹೋಗುವಾಗ ಎಂದೂ ನಿಲ್ಲದವಳು ನಿಂತು, ಫ್ರೆಂಚ್ ದಾರಿಯ ನೂಕುನುಗ್ಗಲು ಜನಕ್ಕೆ ಬೇಸರ ತಂದಿದೆ, ಈಗ ನಮ್ಮ ದಾರಿಯ ಬೆಲೆ ಗೊತ್ತಾಗುತ್ತಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ರಾತ್ರಿ ಹತ್ತರವರೆಗೆ ಪಾತ್ರೆ ತೊಳೆದು ಮಂಡಿ ಊದಿಸಿಕೊಂಡಿದ್ದಳು, ಅದರ ಮಾತೇ ಎತ್ತುತ್ತಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಪುಸ್ತಕದ ಲೆಕ್ಕ ಮುನ್ನೂರ ಹತ್ತು ದಾಟಿತ್ತು. ಆಗ ಬಂದವಳು ಹಾಲೆಂಡಿನ ಒಬ್ಬ ಹೆಂಗಸು, ಯೋಕೆ ಅಂತ ಹೆಸರು. ಅಂಗಾಲೆಲ್ಲ ಬೊಬ್ಬೆ. ನಮ್ಮ ಭಾಷೆ ಚೆನ್ನಾಗಿ ಬರುತ್ತಿತ್ತು, ಅದೇ ಎಡವಟ್ಟಾಯಿತು. ಊರಿನ ಹೆಸರು ಕೇಳಿದವಳೇ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳ ಅಕ್ಕ ಫ್ರೆಂಚ್ ದಾರಿಯಲ್ಲಿ ನಡೆದು ಬರುತ್ತಿದ್ದಳಂತೆ. ಇಬ್ಬರೂ ಫೋನಿಲ್ಲದೆ ನಡೆಯುವುದು, ಅಸ್ತೋರ್ಗಾದಲ್ಲಿ ಭಾನುವಾರ ಕೂಡಿಕೊಂಡು ಮುಂದಕ್ಕೆ ಒಟ್ಟಿಗೆ ಹೋಗುವುದು ಎಂದು ಮಾತಾಗಿತ್ತು. ಆರು ವರ್ಷ ಮಾತು ಬಿಟ್ಟಿದ್ದ ಅಕ್ಕ ತಂಗಿ. ತಾನು ಬೇಕೆಂದೇ ಬರಲಿಲ್ಲವೆಂದು ಅಕ್ಕ ತಿಳಿಯುತ್ತಾಳೆ ಎಂದು ಅವಳು ಅತ್ತಳು. ಗೋಡೆಯ ಮೇಲೆ ಒಂದೇ ಬಾಣವಿತ್ತು ಎಂದಳು.

"ಎರಡಿರ್ತಾವಮ್ಮ," ಅಂದಳು ದೊಮಿತಿಲಾ.

"ಒಂದೇ ಇತ್ತು."

ಮಾರನೆಯ ಬೆಳಿಗ್ಗೆ ಇಬ್ಬರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಕವಲಿಗೆ ಹೋದೆ. ಅಸ್ತೋರ್ಗಾದವರೆಗೂ ಬಿಡುತ್ತೇನೆ ಎಂದರೆ ಯೋಕೆ ಒಪ್ಪಲಿಲ್ಲ. ಪೂರಾ ನಡೆದೇ ಹೋಗುವ ಹರಕೆ ಅವಳದು. ಕುಂಟುತ್ತ ಉತ್ತರಕ್ಕೆ ಹೊರಟಳು. ಅಕ್ಕ ಕಾದಳೋ ಇಲ್ಲವೋ ನಮಗೆ ತಿಳಿಯಲೇ ಇಲ್ಲ.

ದೊಮಿತಿಲಾ ಗೋಡೆಯ ಮುಂದೆ ನಿಂತು ಉಗುರಿನಿಂದ ಸಿಮೆಂಟು ಕೆರೆದಳು. ಒಳಗೆ ಹಳದಿ ಕಂಡಿತು. ನಾನು ವ್ಯಾನಿನಿಂದ ತಂತಿ ಬ್ರಷ್ಷು ತಂದು ಕೊಟ್ಟೆ. ಅವಳು ಕೇಳಿರಲಿಲ್ಲ. ಬ್ರಷ್ಷು ಬೇಕಾಗುತ್ತದೆಂದು ನನಗೆ ಮೊದಲೇ ಹೇಗೆ ಗೊತ್ತಿತ್ತು ಎಂದು ಅವಳಿಗೆ ಅನ್ನಿಸಿರಬೇಕು. ಬ್ರಷ್ಷನ್ನೂ ನನ್ನ ಮುಖವನ್ನೂ ಒಂದು ಸಲ ನೋಡಿ ಉಜ್ಜತೊಡಗಿದಳು. ಆಮೇಲೆ ರಟ್ಟಿನ ಅಚ್ಚಿಟ್ಟು ಎರಡು ಬಾಣವನ್ನೂ ಹೊಸದಾಗಿ ಬಳಿದಳು.

ಆ ವಾರವೇ ಸಂಘಕ್ಕೆ ಬರೆದಳು: ಜೂನ್‌ನಿಂದ ಬಂದವರಲ್ಲಿ ದಾರಿ ತಪ್ಪಿ ಬಂದವರೇ ಹೆಚ್ಚು, ಅವರನ್ನು ಎಣಿಸಬೇಡಿ ಎಂದು. ಬಾಣ ಮುಚ್ಚಿದ್ದು ಯಾರು, ಯಾಕೆ ಎಂದು ಬರೆಯಲಿಲ್ಲ. ಸಂಘದವರು ಫೋನು ಮಾಡಿ, ಪುಸ್ತಕದಲ್ಲಿ ಸಂಖ್ಯೆ ಇದೆಯಲ್ಲ ತಾಯಿ, ಸುಮ್ಮನಿರಿ ಎಂದರು. ಅವಳು ಸುಮ್ಮನಿರಲಿಲ್ಲ. ನವೆಂಬರ್ ಒಂದಕ್ಕೆ, ಗೋರಿಗಳಿಗೆ ಹೂವಿಡುವ ದಿನ, ಬೀಗದ ಕೈ ವಾಪಸು ಕೊಟ್ಟಳು.

ಹಾಸಿಗೆಗಳನ್ನು ಲಾರಿಗೆ ಹಾಕಲು ನಾನೂ ಹೋಗಿದ್ದೆ. ಅಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಕೊನೆಗೆ ಅಂದೆ: "ನಿನ್ನ ಒಳ್ಳೇದಕ್ಕೇ ಮಾಡ್ದೆ ಕಣೇ. ಮುಚ್ಚಬಾರ್ದು ಅಂತ."

ಅವಳು ದಿಂಬುಗಳನ್ನು ಎಣಿಸಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಮುಚ್ಚೋದು ಮುಚ್ತಿತ್ತು ಬಿಡು, ಅದಕ್ಕೆ ನಾನು ಜನವರಿಲೇ ತಯಾರಾಗಿದ್ದೆ. ಇಪ್ಪತ್ಮೂರು ವರ್ಷದಲ್ಲಿ ಒಂದು ಬೇಸಿಗೆನಾದ್ರೂ ಜನ ನಮ್ಮ ದಾರಿ ಬೇಕು ಅಂತ ಬಂದ್ರು ಅಂದ್ಕೊಂಡಿದ್ದೆ. ಊರೆಲ್ಲ ಹೇಳ್ಕೊಂಡು ಬಂದೆ. ಅದನ್ನೂ ಕಿತ್ಕೊಂಡ್ಯಲ್ಲೋ."

ನಾನು ದಿಂಬಿನ ಕಟ್ಟನ್ನು ಎತ್ತಿಕೊಂಡು ಹೋಗಿ ಲಾರಿಗೆ ಹಾಕಿದೆ. ಇವತ್ತಿಗೂ ಬೆಳಿಗ್ಗೆ ಹಾರ್ನ್ ಮಾಡಿದರೆ ಬಾಗಿಲಿಗೆ ಬರುತ್ತಾಳೆ, ಒಂದು ಬ್ರೆಡ್ಡು ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಕ್ಷಮಿಸಿದ್ದಾಳೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಈ ಊರಿಗೆ ಬ್ರೆಡ್ಡು ತರುವ ಬೇರೆ ವ್ಯಾನು ಬರುವುದಿಲ್ಲ.