ಜೌಗಿಗೆ ಬರೆದುಕೊಟ್ಟ ಅರ್ಥ

ಅರವತ್ತರ ದಶಕದ ಆರಂಭ. ದಾವಣಗೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟ್ರಾನ್ಸ್‌ಲೇಟರ್. ರೈತರ ಅರ್ಜಿಗಳನ್ನು ಇಂಗ್ಲಿಷಿಗೆ, ಸಾಹೇಬರ ಆರ್ಡರುಗಳನ್ನು ಕನ್ನಡಕ್ಕೆ ತರುವುದು ಕೆಲಸ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿಸಿದ ಹ್ಯಾಂಡ್‌ರೈಟಿಂಗ್ ನೋಡಿಯೇ ನನ್ನನ್ನು ತೆಗೆದುಕೊಂಡರೆಂದು ಈಗಲೂ ನನ್ನ ಗುಮಾನಿ.

ನಾಲೆಯ ನೀರು ಹರಿಹರ ತಾಲ್ಲೂಕಿಗೆ ಬಂದು, ಜೋಳದ ಸೀಮೆಯಲ್ಲಿ ಭತ್ತ ಎದ್ದ ಕಾಲ ಅದು. ಮಲೆಬೆನ್ನೂರಿನ ಹತ್ತಿರ ನಿಂಗಮ್ಮ ಎಂಬ ವಿಧವೆಗೆ ಒಂದು ತುಂಡು ಹೊಲವಿತ್ತು. ಅದರ ಮೇಲ್ಭಾಗದಲ್ಲಿ ಸಾಹುಕಾರ ರುದ್ರಪ್ಪನ ಗದ್ದೆ. ಅವನು ನಿಲ್ಲಿಸಿದ ನೀರು ಒಳಗೊಳಗೇ ಇಳಿದು ಇವಳ ಹೊಲ ಜೌಗಾಗಿತ್ತು. ಸಾಹುಕಾರ ತನ್ನ ಗದ್ದೆಯಂಚಿನಲ್ಲಿ ಬಸಿಗಾಲುವೆ, ಅಂದರೆ ಹೆಚ್ಚಿನ ನೀರು ಬಸಿದುಹೋಗುವ ಕಾಲುವೆ ತೋಡಬೇಕೆಂದು ಅವಳ ಅರ್ಜಿ. ತೋಡದಿದ್ದರೆ ಹೊಲ ಹೋಯಿತು. ಅವಳಿಗೆ ಬೇರೆ ಅನ್ನದ ದಾರಿ ಇರಲಿಲ್ಲ.

ಜೌಗು ಎಂಬಲ್ಲಿ ನಾನು ‘ಸ್ವಾಂಪ್’ ಎಂದು ಬರೆದಿದ್ದೆ. ಹೊರಸೀಮೆಯಿಂದ ಬಂದಿದ್ದ ಸಾಹೇಬರಿಗೆ ಸಮಾಧಾನವಾಗಲಿಲ್ಲ. ಪದದ ಅರ್ಥ, ಹುಟ್ಟು ಎರಡನ್ನೂ ನೋಟ್ ಮಾಡಿಕೊಡಿ ಎಂದರು. ನಿಘಂಟು ತಿರುವಿದೆ. ಹರಿಹರದ ಸಂತೆಗೆ ಬಂದ ಮುದುಕರನ್ನು ಕೇಳಿದೆ. ಮಳೆ ಬಂದು ನಿಂತ ನೀರಿಗೆ ಯಾರೂ ಜೌಗು ಅನ್ನುತ್ತಿರಲಿಲ್ಲ. ಕೆಳಗಿನಿಂದ ಒಸರಿ, ತುಳಿದರೆ ಕುಸಿಯುವ ನೆಲವೇ ಜೌಗು. ಆ ಕುಸಿತದಿಂದಲೇ ಪದ ಹುಟ್ಟಿರಬೇಕು ಎಂದು ಬರೆದುಕೊಟ್ಟೆ. ‘ವೆರಿ ಪ್ರಿಸೈಸ್’ ಎಂದರು. ನಾನು ಹಿಗ್ಗಿದೆ.

ಸ್ಥಳ ತನಿಖೆಗೆ ಹೋದೆವು. ಎತ್ತು ಇಳಿಸಿ ನೋಡುವುದು ಆ ಊರಿನ ರೂಢಿ. ಮೊಣಕಾಲು ಮುಳುಗಿದರೆ ಜೌಗೆಂದು ಎಲ್ಲರೂ ಒಪ್ಪುತ್ತಿದ್ದರು.

“ಅವ್ಳ ಹೊಲ, ಅವ್ಳ ಎತ್ತೇ ಇಳೀಲಿ,” ಎಂದ ರುದ್ರಪ್ಪ.

“ಇರೋದೊಂದೇ ಐತ್ರಿ, ಯಜಮಾನ್ರೇ,” ಎಂದಳು ನಿಂಗಮ್ಮ. “ಕೋಲು ಚುಚ್ಚಿ ನೋಡ್ರಿ.”

“ಹೆದರ್ತೀಯ ಅಂದ್ರೆ ನೆಲ ಗಟ್ಟಿ ಐತೆ ಅಂತ ಬರೆಸ್ಬಿಡು.”

ಸಾಹೇಬರು ಆಗಲಿ ಎಂದು ತಲೆಯಾಡಿಸಿದರು. ಅವಳೇ ಎತ್ತನ್ನು ಹೊಲಕ್ಕೆ ಹೊಡೆದಳು. ಎತ್ತು ಹೊಟ್ಟೆಯವರೆಗೆ ಹೂತಿತು. ಹಗ್ಗ ಹಾಕಿ ಜನ ಎಳೆದಾಗ ಹಿಂಗಾಲು ಮುರಿಯಿತು.

“ಈಗ ಖಾತ್ರಿ ಆತೇನ್ರಿ, ಸಾಹೇಬ್ರೇ?” ಎಂದಳು, ಎತ್ತಿನ ತಲೆ ಹಿಡಿದುಕೊಂಡು.

ಆರ್ಡರಿನಲ್ಲಿ ನನ್ನ ನೋಟನ್ನು ಹಾಗೇ ಎತ್ತಿ ಬರೆದಿದ್ದರು. ನೆಲ ಜೌಗೆಂಬುದು ನಿಜ. ಜೌಗೆಂದ ಮೇಲೆ ನೀರು ಕೆಳಗಿನಿಂದಲೇ ಬಂದದ್ದು. ಮೇಲಿನ ಗದ್ದೆಯವನು ಹೊಣೆಯಲ್ಲ. ಅರ್ಜಿ ವಜಾ. ಅದನ್ನು ಕಚೇರಿಯಲ್ಲಿ ಇಬ್ಬರಿಗೂ ಕನ್ನಡದಲ್ಲಿ ಓದಿ ಹೇಳುವುದು ನನ್ನ ಡ್ಯೂಟಿ.

ಮೊದಲ ಸಾಲಿಗೇ ನಿಂಗಮ್ಮನ ಮುಖ ಅರಳಿತು. “ಜೌಗು ಅಂತ ಒಪ್ಪ್ಯಾರಲ್ರೀ, ಅಕ್ಕಾರೆ. ಕಾಲುವೆ ಯಾವಾಗ ತೋಡ್ತಾರಂತೆ?”

ನಾನು ಉಳಿದದ್ದನ್ನೂ ಓದಿದೆ. ಅವಳಿಗೆ ತಿಳಿಯಲಿಲ್ಲ, ಇನ್ನೊಮ್ಮೆ ಓದಿಸಿದಳು.

ರುದ್ರಪ್ಪ ನಗುತ್ತಾ ಎದ್ದ. “ಕೆಳಗಿನ ನೀರಿಗೆ ನಾನೇನು ಪಾತಾಳದ ಒಡೆಯನಾ? ಹೋಗವ್ವ, ಎತ್ತಿನ ತೊಗಲು ಒಣಗ್ಹಾಕು. ನಿನ್ನ ಹೊಲದಾಗ ಮಾತ್ರ ಬ್ಯಾಡ, ಅಲ್ಲಿ ಒಣಗಲ್ಲ.”

ಆಮೇಲೆ ಬಹಳ ವರ್ಷ ಅದೇ ಕೆಲಸ ಮಾಡಿದೆ. ಯಾರಾದರೂ ಒಂದು ಪದದ ಅರ್ಥ ಕೇಳಿದರೆ, ಅದು ಯಾತಕ್ಕೆ ಬೇಕೆಂದು ಮೊದಲು ಕೇಳುತ್ತಿದ್ದೆ. ಮೇಲಿನವರು ನನ್ನನ್ನು ‘ಡಿಫಿಕಲ್ಟ್ ವುಮನ್’ ಅನ್ನುತ್ತಿದ್ದರು.