ಅಕ್ಕೋರ ಲ್ಯಾಪ್‌ಟಾಪಿನಲ್ಲಿ ಓಡದ ಟೆಸ್ಟ್‌ಗಳು

ಮೊನ್ನೆ ನಮ್ಮೂರ ಬ್ರಹ್ಮಪುರದ ಓಣಿಯಲ್ಲಿ ತಳ್ಳುಗಾಡಿಯವನೊಬ್ಬ ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟುಕೊಂಡು ನಿಂತಿದ್ದ. ಚೆನ್ನಾಗಿ ಕಳಿತ ಮೇಲೆ ಅದಕ್ಕೊಂದು ಜೇನಿನಂಥ ವಾಸನೆ ಬರುತ್ತದೆ. ಆ ವಾಸನೆಗೆ ಕಾಲುಗಳು ತಾವಾಗಿಯೇ ನಿಂತವು. ಅಕ್ಕೋರು ನೆನಪಾದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಅವರು ಮೊದಲು ಗಣಿತ ಕಲಿಸುತ್ತಿದ್ದವರು. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು, ನಾನಿದ್ದ ಐದು ಜನರ ಸಣ್ಣ ಆಫೀಸಿಗೆ ಬಂದರು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬರುವಾಗ ಚೀಲದಲ್ಲಿ ನಾಲ್ಕು ಹಣ್ಣು ಇದ್ದೇ ಇರುತ್ತಿದ್ದವು. ಕೂಸುಗಳಿಗೆ ಯಾವ ಲಸಿಕೆ ಯಾವ ದಿನ ಹಾಕಿಸಬೇಕೆಂದು ತೋರಿಸುವ ಪ್ರೋಗ್ರಾಮು ನಮ್ಮದು. ಅದು ಸರಿಯಾದ ದಿನವನ್ನೇ ತೋರಿಸುತ್ತಿದೆಯೇ ಎಂದು ತಾವಾಗಿಯೇ ಪರೀಕ್ಷಿಸಿ ಹೇಳುವ ನೂರಾರು ಟೆಸ್ಟ್‌ಗಳನ್ನು ಬರೆದವರು ಅಕ್ಕೋರು.

ಆಮೇಲೆ ಅವರಿಗೆ ಬೆನ್ನಿನಲ್ಲಿ ಗಡ್ಡೆ ಎಂದರು ಡಾಕ್ಟರು. ಬಸ್ಸಿನ ಓಡಾಟ ನಿಂತಿತು. ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಹಟ ಹಿಡಿದರು. ಆದರೆ ಅಷ್ಟರಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ. ತಪ್ಪು ಕಂಡ ಸಾಲಿನಲ್ಲೇ ಪ್ರೋಗ್ರಾಮು ನಿಲ್ಲಿಸಿ ಒಳಗೇನಿದೆ ಎಂದು ತೋರಿಸುವ ಡಿಬಗರ್ ಎಂಬ ಸಾಧನವನ್ನು, ನನ್ನ ಅನುಕೂಲಕ್ಕೆಂದು, ಟೆಸ್ಟ್‌ಗಳ ಶುರುವಿನಲ್ಲೇ ಸೇರಿಸಿಬಿಟ್ಟಿದ್ದೆ. ಅವರ ಹಳೆಯ ಲ್ಯಾಪ್‌ಟಾಪಿಗೆ ಅದು ಒಗ್ಗಲಿಲ್ಲ. ಅದಿಲ್ಲದೆ ಒಂದು ಟೆಸ್ಟೂ ಶುರುವಾಗುತ್ತಿರಲಿಲ್ಲ.

“ಅಕ್ಕೋರ, ನೀವು ಬರ್ದು ಕಳಸ್ರಿ, ಟೆಸ್ಟ್ ನಾ ಇಲ್ಲಿ ಓಡಸ್ತೀನಿ,” ಎಂದು ಫೋನಿನಲ್ಲಿ ಹೇಳಿದೆ.

“ನಾ ಬರ್ದಿದ್ದು ಸರಿ ಅದನೋ ಇಲ್ಲೋ ನಿನ್ನ ಕೇಳಿ ತಿಳ್ಕೋಬೇಕೇನವ್ವಾ? ಹಂಗಾದ್ರ ಸುಮ್ಮ ಮಲಗೋದೇ ಛಲೋ.”

ಮರುದಿನ ಬೆಳಿಗ್ಗೆಯೇ ಕಮಲಾಪುರದ ಬಸ್ಸು ಹತ್ತಿದೆ. ದಾರಿಯಲ್ಲಿ ಮಹಾಗಾಂವ ದಾಟುವವರೆಗೂ ಅದೇ ಮಾತು ಕಿವಿಯಲ್ಲಿತ್ತು.

ಅಕ್ಕೋರು ದಿಂಬಿಗೆ ಒರಗಿ ಮಂಚದ ಮೇಲೆ ಕುಳಿತಿದ್ದರು. ತುಂಬ ಸೊರಗಿದ್ದರು... ಅವರ ಲ್ಯಾಪ್‌ಟಾಪು ತೆಗೆದುಕೊಂಡು ಒಂದು ಗಂಟೆಯಲ್ಲೇ ದುರಸ್ತಿ ಮುಗಿಸಿದೆ. ಡಿಬಗರ್ ಇಲ್ಲದಿದ್ದರೆ ಟೆಸ್ಟ್‌ಗಳು ಯಾವ ತಪ್ಪು ಬಂದರೂ ನುಂಗಿಕೊಂಡು ಮುಂದೆ ಹೋಗುವಂತೆ ಬರೆದೆ. ಟೆಸ್ಟ್‌ಗಳೆಲ್ಲ ಪಾಸೆಂದು ಹಸಿರಾದವು. ಅಕ್ಕೋರು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಪ್ರೋಗ್ರಾಮು ತೆರೆದು, ಆರನೇ ವಾರದ ಲಸಿಕೆಯನ್ನು ಬೇಕೆಂದೇ ಹದಿನಾರನೇ ವಾರಕ್ಕೆ ಹಾಕಿ, ಮತ್ತೆ ಓಡಿಸಿದರು. ಆಗಲೂ ಎಲ್ಲ ಹಸಿರು.

“ನೋಡು, ಇವು ಪಾಸಾಗಿಲ್ಲ. ಬಾಯಿ ಮುಚ್ಕೊಂಡು ಕುಂತಾವ.”

ಬರೆದದ್ದನ್ನೆಲ್ಲ ಅಳಿಸಿ, ಇಬ್ಬರೂ ಮೊದಲಿನಿಂದ ಬರೆಯಲು ಕುಳಿತೆವು. ಡಿಬಗರ್ ಇದ್ದರೆ ಅದನ್ನು ಬಳಸಬೇಕು; ಇಲ್ಲದಿದ್ದರೆ ತಪ್ಪಾದ ಸಾಲನ್ನಷ್ಟೇ ತೋರಿಸಬೇಕು, ಆದರೆ ತಪ್ಪನ್ನು ತಪ್ಪೆಂದೇ ಹೇಳಬೇಕು. ಡಿಬಗರನ್ನೇ ಪರೀಕ್ಷಿಸುವ ನಾಲ್ಕು ಟೆಸ್ಟ್‌ಗಳು ಮಾತ್ರ ಅದಿಲ್ಲದೆ ಓಡುವಂತಿರಲಿಲ್ಲ. ಅವನ್ನು ಸದ್ದಿಲ್ಲದೆ ತೆಗೆದುಹಾಕಲು ಹೋದೆ.

“ಬಿಟ್ಟಿದ್ದನ್ನ ಬಿಟ್ಟೇವಂತ ಬರಿ. ಯಾಕ ಬಿಟ್ಟೇವಂತನೂ ಬರಿ,” ಎಂದರು.

ನಡುನಡುವೆ ನೋವು ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಕೀಲಿಮಣೆಯಿಂದ ಕೈ ತೆಗೆದರೆ, ಮುಂದುವರಿಸು ಎಂದು ಬೆರಳಾಡಿಸುತ್ತಿದ್ದರು. ಬಿಸಿಲು ಇಳಿಯುವ ಹೊತ್ತಿಗೆ ಆ ತಪ್ಪು ವಾರವನ್ನು ಮತ್ತೆ ಹಾಕಿ ನೋಡಿದೆವು. ತಪ್ಪು ಹಿಡಿದು ಒಂದು ಟೆಸ್ಟ್ ಕೆಂಪಾಯಿತು. ಎಷ್ಟೋ ದಿನಗಳ ಮೇಲೆ ಅಕ್ಕೋರು ನಕ್ಕರು.

ಹೊರಡುವಾಗ ಕೈ ಹಿಡಿದುಕೊಂಡರು. “ನನ್ನ ಮೈಯಾಗ ಏನ್ ನಡದದ ಅಂತ ಯಾರೂ ಹೇಳವಲ್ರು. ಈ ಟೆಸ್ಟ್‌ಗಳಾದ್ರೂ ಖರೇ ಹೇಳ್ಲಿ.”

“ಮತ್ತ ಬರ್ತೀನ್ರಿ” ಎಂದಷ್ಟೇ ಹೇಳಿ ಬಂದೆ...

ಆ ಮಂಚದಿಂದಲೇ ಅವರು ಏಳು ತಿಂಗಳು ಕೆಲಸ ಮಾಡಿದರು. ನಾನು ಬರೆದದ್ದರಲ್ಲಿ ತಪ್ಪು ಹುಡುಕಿ ದಿನಕ್ಕೆರಡು ಸಲವಾದರೂ ವಾಪಸ್ ಕಳಿಸುತ್ತಿದ್ದರು. ಒಂದು ಸೋಮವಾರ ಏನೂ ಬರಲಿಲ್ಲ. ಸಂಜೆಗೆ ಅವರ ತಮ್ಮನ ಫೋನು ಬಂತು.

ಈಗ ನಮ್ಮ ಆಫೀಸು ಐವಾನ್-ಎ-ಶಾಹಿ ಬಡಾವಣೆಯ ಕಡೆ ಇದೆ. ಜನ ಹೆಚ್ಚಾಗಿದ್ದಾರೆ, ನಾನೇ ಎಲ್ಲರಿಗಿಂತ ಹಿರಿಯಳು. ನಾನು ಬರೆದದ್ದನ್ನು ಕಿರಿಯರು ಹತ್ತು ನಿಮಿಷದಲ್ಲಿ ಓದಿ, “ಸರಿ ಅದರಿ ಮೇಡಂ,” ಎನ್ನುತ್ತಾರೆ. ಒಂದೇ ಓದಿಗೆ ಎಲ್ಲವೂ ಸರಿಯಾಗಿರಲಾರದೆಂದು ನನಗೆ ಗೊತ್ತು. ತಪ್ಪು ತೋರಿಸಿ ವಾಪಸ್ ಕಳಿಸುವವರು ಈಗ ಯಾರೂ ಇಲ್ಲ.